ಸಾಮಾನಿಗೆ ಮೊದಲು ದಾರಿ ನೋಡಿ

ಬೆಂಗಳೂರಿನ ಕುಕ್ ಟೌನಿನಲ್ಲಿ ಹಳೇ ಮನೆಗಳು ಒಂದೊಂದಾಗಿ ಹೋಗಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಹೆಂಚಿನ ಮಾಡು, ಕಿಟಕಿಗೆ ಮರದ ಮಂಕಿ ಟಾಪ್, ಹಿತ್ತಿಲಲ್ಲೊಂದು ಉಗ್ರಾಣ ಎಂದು ಹರಡಿಕೊಂಡು ಬದುಕಿದವರು ಅದೇ ರಸ್ತೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹಿಡಿಸಬೇಕು. ನಮ್ಮ ಅತ್ತೆಯ ಮನೆಗೂ ಆ ಸರದಿ ಬಂತು. ಸಾಮಾನು ನಲವತ್ತು ವರ್ಷದ್ದು, ಕೈಯಲ್ಲಿದ್ದದ್ದು ಮೂರೇ ತಿಂಗಳು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮನೆ ಬದಲಾಯಿಸದವರಿಗೂ ಇದು ಒದಗುತ್ತದೆ.

1. ಮೊದಲು ದಾರಿ, ಆಮೇಲೆ ಬೀರು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಬೀರುವಿನಿಂದ ತೆಗೆದದ್ದು ಮಂಚಕ್ಕೆ, ಮಂಚದಿಂದ ನೆಲಕ್ಕೆ, ಮಲಗುವ ಹೊತ್ತಿಗೆ ಮತ್ತೆ ಬೀರುವಿಗೆ. ಕಾರಣ ಒಂದೇ: ಅದು ಯಾರ ಕೈಗೆ ಹೋಗಬೇಕೆಂದು ಯಾರೂ ಯೋಚಿಸಿರುವುದಿಲ್ಲ. ಜಪಾನಿನ ಮರಿ ಕೊಂಡೋ ಮನೆ ಓರಣ ಮಾಡುವ ಬಗ್ಗೆ ಬರೆದ ಪುಸ್ತಕ ಲೋಕವೆಲ್ಲ ಸುತ್ತಿತು. ವಸ್ತುವನ್ನು ಕೈಗೆತ್ತಿಕೊಂಡು ‘ಇದು ನನಗೆ ಖುಷಿ ಕೊಡುತ್ತದೆಯೇ’ ಎಂದು ಕೇಳಿಕೊಳ್ಳಿ ಎನ್ನುತ್ತಾರೆ ಅವರು. ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ಕೆಲಸಕ್ಕೆ ಬಂದದ್ದು ‘ಇದು ಯಾರಿಗೆ ಬೇಕು’ ಎಂಬ ಪ್ರಶ್ನೆ. ಉತ್ತರ ಸಿಕ್ಕ ತಕ್ಷಣ ಅತ್ತೆಯ ಕೈ ಸಡಿಲವಾಗುತ್ತಿತ್ತು.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕಬ್ಬಿಣ, ಪೇಪರು ಗುಜರಿಗೆ. ಪ್ಲಾಸ್ಟಿಕ್ಕು, ಗಾಜು ಪಾಲಿಕೆಯ ಒಣಕಸ ಕೇಂದ್ರಕ್ಕೆ; ಬೆಂಗಳೂರಿನ ಇಂಥ ಹಲವು ಕೇಂದ್ರಗಳನ್ನು ಹಸಿರು ದಳ ಸಂಸ್ಥೆಯ ಜೊತೆಗಿರುವ ಕಸ ಆಯುವವರೇ ನಡೆಸುತ್ತಾರೆ, ಶುದ್ಧವಾಗಿ ಬಂದ ಒಣಕಸ ಅವರಿಗೆ ಅನ್ನ. ಇಂಗ್ಲಿಷ್ ಪುಸ್ತಕಗಳು ಚರ್ಚ್ ಸ್ಟ್ರೀಟಿಗೆ. ಬ್ಲಾಸಮ್, ಬುಕ್‌ವರ್ಮ್ ಅಂಗಡಿಯವರು ಹಳೇ ಪುಸ್ತಕ ಕೊಳ್ಳುತ್ತಾರೆ, ಆರಿಸಿ ಕೊಳ್ಳುತ್ತಾರೆ. ಹತ್ತಿಯ ಬಟ್ಟೆ ಗೂಂಜ್‌ನಂಥ ಸಂಸ್ಥೆಗೆ. ಪ್ರತಿಯೊಂದರ ಮುಂದೆ ವಾರ ಬರೆಯಿರಿ. ವಾರ ಬರೆಯದ ಮೂಟೆ ಬಾಗಿಲ ಹಿಂದೆಯೇ ಉಳಿಯುತ್ತದೆ.

2. ಒಂದು ಸಲಕ್ಕೆ ಒಂದು ಖಾನೆ

ಇಡೀ ಕೋಣೆ ಹರಡಬೇಡಿ. ಸಾಂಬಾರ ಡಬ್ಬಗಳ ಖಾನೆಯಿಂದ ಶುರುಮಾಡಿ. ಹುಳ ಬಿದ್ದ ರವೆಯ ಬಗ್ಗೆ ಯಾರಿಗೂ ಮಮತೆ ಇರುವುದಿಲ್ಲ. ಅರ್ಧ ಗಂಟೆಯಲ್ಲಿ ಮುಗಿದ ಕೆಲಸ ಮರುದಿನಕ್ಕೆ ಹುಮ್ಮಸ್ಸು ಕೊಡುತ್ತದೆ.

3. ಸಜ್ಜೆಯನ್ನು ಮರೆಯಬೇಡಿ

ಸಜ್ಜೆಯಲ್ಲಿ ರಾಶಿ ಏಕೆ ಬೇಡ ಎಂದರೆ, ನಮ್ಮ ಬಡಾವಣೆ ಹುಟ್ಟಿದ ಕಾಲವನ್ನು ಒಮ್ಮೆ ನೆನೆಯಿರಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿಯ ಮೈಮೇಲಿನ ಚಿಗಟ ಹರಡುವ ರೋಗ ಅದು. ಕತ್ತಲು ಮೂಲೆ, ರಾಶಿ ಬಿದ್ದ ಸಾಮಾನು, ಒಂದಕ್ಕೊಂದು ಅಂಟಿದ ಮನೆ ಇದ್ದಲ್ಲಿ ಇಲಿ ಬೀಡುಬಿಟ್ಟಿತು. ದಂಡು ಪ್ರದೇಶದ ಇಕ್ಕಟ್ಟಿನ ಗಲ್ಲಿಗಳಿಂದ ಜನರನ್ನು ಗಾಳಿ ಬೆಳಕಿಗೆ ತರಲೆಂದು 1910ರಲ್ಲಿ ಫ್ರೇಜರ್ ಟೌನ್ ಶುರುವಾಯಿತು, ಇಲಿ ನುಗ್ಗದಂಥ ಮನೆಗಳ ಲೆಕ್ಕಾಚಾರದೊಂದಿಗೆ. ಅದೇ ಮಗ್ಗುಲಲ್ಲಿ ಕುಕ್ ಟೌನ್ ಬೆಳೆಯಿತು. ಮನೆಯ ಸುತ್ತ ಖಾಲಿ ಜಾಗ, ಎತ್ತರದ ಸೂರು, ದೊಡ್ಡ ಕಿಟಕಿ. ನಮ್ಮ ಹಿರಿಯರಿಗೆ ಸಿಕ್ಕ ಆ ಖಾಲಿ ಜಾಗವನ್ನು ನಾವು ಒಡೆದ ಮಿಕ್ಸಿ, ಟಿವಿ ಬಂದ ರಟ್ಟಿನ ಪೆಟ್ಟಿಗೆಗಳಿಂದ ತುಂಬಿದ್ದೇವೆ. ಅತ್ತೆಯ ಸಜ್ಜೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಎತ್ತಿದರೆ ಅಡಿಯೇ ಇಲ್ಲ. ಇಲಿ ಕಡಿದು ಕಡಿದು ಹೊಟ್ಟು ಮಾಡಿತ್ತು, ಅದರೊಳಗೆ ನಾಲ್ಕು ಮರಿ. ಅವತ್ತೇ ಇಡೀ ಸಜ್ಜೆ ಇಳಿಸಿದೆವು.

ವಾರಂಟಿ ಮುಗಿದ ಸಾಮಾನಿನ ಪೆಟ್ಟಿಗೆ ಇಡಬೇಡಿ. ಸಜ್ಜೆ ಒರೆಸಲು ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಬಿಸಿಲು ಚೆನ್ನಾಗಿರುತ್ತದೆ, ಹಾಸಿಗೆ, ಟ್ರಂಕು ಎಲ್ಲ ಒಣಗುತ್ತದೆ. ಜೂನ್ ಬಂದರೆ ಬೂಷ್ಟು ಒಳಗೇ ಉಳಿಯುತ್ತದೆ.

4. ಹಿತ್ತಿಲು, ಟೆರೇಸಿಗೆ ವಾರಕ್ಕೊಮ್ಮೆ ಹೋಗಿ

ಈಗ ಪ್ಲೇಗಿಲ್ಲ, ಡೆಂಗಿ ಇದೆ. ಒಡೆದ ಬಕೆಟ್ಟು, ಹಳೇ ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ತಿಳಿನೀರೇ ಆ ಸೊಳ್ಳೆಗೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಬೇಕು. ಬೇಡದ ಕುಂಡವನ್ನು ಮಗುಚಿಡಿ.

5. ಕಾಗದಕ್ಕೆ ಒಂದು ಇಡೀ ದಿನ ಕೊಡಿ

ಇಲ್ಲಿ ಆತುರ ಬೇಡ. ಮೂಲಪತ್ರ, ಕ್ರಯಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿ, ಮರಣ ಪ್ರಮಾಣಪತ್ರ, ವಂಶವೃಕ್ಷ: ಇವು ಎಂದೂ ಮನೆ ಬಿಟ್ಟು ಹೋಗಬಾರದು. ಹಳೇ ಕರೆಂಟ್ ಬಿಲ್ಲು, ಮುಚ್ಚಿಹೋದ ಖಾತೆಯ ಚೆಕ್ ಪುಸ್ತಕ, ಮದುವೆ ಕರೆಯೋಲೆ ಇವನ್ನು ಹರಿದು ಹಾಕಬಹುದು. ಚೆಕ್ಕನ್ನು ಸಹಿಯ ಜಾಗದಲ್ಲಿ ಸಣ್ಣಗೆ ಹರಿಯಿರಿ.

ನಮ್ಮ ಮಾವನವರು ಮನೆಯ ಪತ್ರಗಳನ್ನು ಗೋಡೆಗೆ ಒತ್ತಿಕೊಂಡಿದ್ದ ಮರದ ಪೆಟ್ಟಿಗೆಯಲ್ಲಿಟ್ಟಿದ್ದರು. ಗೋಡೆಯ ತೇವಕ್ಕೆ ಗೆದ್ದಲು ಬಂದು ಮೇಲಿನ ಎರಡು ಕವರು ತಿಂದುಹಾಕಿತ್ತು. ಕ್ರಯಪತ್ರ ಅಡಿಯಲ್ಲಿತ್ತು, ಉಳಿಯಿತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮಕ್ಕಳಿಗೆ ಕಳಿಸಿ. ಅಸಲು ಸ್ಟೀಲು ಬೀರುವಿನಲ್ಲಿರಲಿ. ಪೆನ್‌ಡ್ರೈವಿನಲ್ಲಿದೆ ಎಂದು ಅಸಲು ಕಳೆದುಕೊಳ್ಳಬೇಡಿ.

6. ಬೇರೆಯವರ ವಸ್ತುವನ್ನು ನೀವು ಎಸೆಯಬೇಡಿ

ನಾನು ಈ ತಪ್ಪು ಮಾಡಿದ್ದೇನೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ಕಿಲುಬು ಹಿಡಿದ ಒಂದು ತಾಮ್ರದ ಹಂಡೆ ಗುಜರಿಯವರಿಗೆ ಕೊಟ್ಟುಬಿಟ್ಟೆ. ಸಂಜೆ ಅತ್ತೆ ಬಚ್ಚಲಲ್ಲಿ ಅದನ್ನು ಹುಡುಕುತ್ತಾ ನಿಂತಿದ್ದರು. “ಅದ್ರಲ್ಲೇ ಕಣೇ ನಿನ್ನ ಗಂಡನಿಗೆ ಮೊದಲ ಎಣ್ಣೆನೀರು ಹಾಕಿದ್ದು” ಅಂದರು, ಅಷ್ಟೇ. ಮರುದಿನ ಬೆಳಿಗ್ಗೆಯೇ ಗುಜರಿಯಂಗಡಿಗೆ ಓಡಿದೆ. ಹಂಡೆ ತೂಕವಾಗಿ ಹೋಗಿಯಾಗಿತ್ತು. ಇನ್ನೊಬ್ಬರ ಸಾಮಾನು ಹೊರಡುವ ಮುಂಚೆ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಒಂದೊಂದನ್ನೂ ಕೈಗಿಟ್ಟು ಕೇಳಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

7. ರೇಷ್ಮೆ ಸೀರೆಯ ಜರಿ ನೋಡಿ ಕೊಡಿ

ಹಳೇ ಜರಿಯಲ್ಲಿ ಬೆಳ್ಳಿ ಇರುತ್ತದೆ. ಬೀದಿಯಲ್ಲಿ ಕೂಗಿ ಬರುವವರು ಕಣ್ಣಳತೆಯಲ್ಲಿ ಬೆಲೆ ಕಟ್ಟುತ್ತಾರೆ. ನಾಲ್ಕು ಕಡೆ ವಿಚಾರಿಸಿ. ಮೆತ್ತಗಾದ ಹತ್ತಿ ಸೀರೆಗಳಿಂದ ಕೌದಿ ಹೊಲಿಸಬಹುದು.

8. ಡಬ್ಬ ಕೊನೆಯಲ್ಲಿ ಕೊಳ್ಳಿ

ಜೋಡಿಸುವ ಮುಂಚೆ ಡಬ್ಬ, ಬುಟ್ಟಿ ತಂದರೆ ಅವೂ ಸಾಮಾನೇ. ಏನು ಉಳಿಯಿತು ನೋಡಿ ಅಳತೆಗೆ ತನ್ನಿ. ದಿನಾ ಬೇಕಾದದ್ದು ಸೊಂಟದಿಂದ ಭುಜದ ಎತ್ತರದಲ್ಲಿರಲಿ. ವಯಸ್ಸಾದವರು ಸ್ಟೂಲು ಹತ್ತಬಾರದು. ಅತ್ತೆ ಓದುವುದು ಕನ್ನಡ, ಮನೆಗೆಲಸಕ್ಕೆ ಬರುವಾಕೆ ಓದುವುದು ತಮಿಳು. ಚೀಟಿ ಅಂಟಿಸುವ ಬದಲು ಒಳಗಿರುವುದು ಕಾಣುವಂಥ ಡಬ್ಬಗಳನ್ನಿಟ್ಟೆವು. ಈಗ ಹೆಸರುಬೇಳೆ ಎಲ್ಲಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

9. ಕಸವನ್ನು ಬೇರೆ ಮಾಡಿಯೇ ಕೊಡಿ

2015ರಲ್ಲಿ ಹೈಕೋರ್ಟ್ ಹೇಳಿದ ಎರಡು ಬುಟ್ಟಿ, ಒಂದು ಚೀಲದ ಲೆಕ್ಕ ನೆನಪಿಡಿ: ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡೈಪರಿಗೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಮನೆ ಖಾಲಿ ಮಾಡುವಾಗ ಸಿಗುವ ಅವಧಿ ಮುಗಿದ ಮಾತ್ರೆ, ಬ್ಯಾಟರಿ, ಬಲ್ಬುಗಳನ್ನು ಇವುಗಳ ಜೊತೆ ಸೇರಿಸದೆ ಬೇರೆಯಾಗಿ ಕಟ್ಟಿ ಕೊಡಿ. ಕೆ.ಆರ್. ಪುರದ ಆಚೆ ಮಂಡೂರಿನ ಜನ ವರ್ಷಗಟ್ಟಲೆ ಅಲ್ಲಿ ಸುರಿದ ನಮ್ಮ ಊರಿನ ಬೆರಕೆ ಕಸದ ನಾತ ಕುಡಿದು, 2014ರಲ್ಲಿ ಬೀದಿಗಿಳಿದು ಲಾರಿಗಳನ್ನು ತಡೆದರು. ಅವರ ಹಾಳಾದ ಬಾವಿ ನೀರು ನೆನೆದರೆ ಚೀಲ ಬೇರೆ ಕಟ್ಟುವುದು ದೊಡ್ಡ ಕೆಲಸವೆನಿಸದು.

10. ಒಂದು ಪೆಟ್ಟಿಗೆಗೆ ಲೆಕ್ಕ ಕೇಳಬೇಡಿ

ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಪೆಟ್ಟಿಗೆ ಕೊಡಿ. ಅದರಲ್ಲಿ ಏನಿಟ್ಟುಕೊಂಡರು, ಏಕೆ ಎಂದು ಯಾರೂ ಕೇಳಬಾರದು. ಅತ್ತೆಯದು ಹಸಿರು ಬಣ್ಣದ ತಗಡಿನ ಟ್ರಂಕು. ಮಾವನವರ ಕಾರ್ಖಾನೆಯ ಹಿತ್ತಾಳೆ ಬಿಲ್ಲೆ, ಹಳೇ ಮನೆಯ ಬಾಗಿಲ ಅಗುಳಿ, ಒಂದು ಮಗುವಿನ ಕುಲಾವಿ ಅದರಲ್ಲಿವೆ. ಹೊಸ ಫ್ಲ್ಯಾಟಿನಲ್ಲಿ ಅದು ಅವರ ಮಂಚದ ಪಕ್ಕದಲ್ಲೇ ಇದೆ, ಬೀಗ ಹಾಕಿಲ್ಲ.