ಮದುವೆ ಕ್ಯಾಸೆಟ್ ಕಪ್ಪು–ಬಿಳುಪಾಗಲಿ: ಬಣ್ಣ ತೆಗೆಯಲೂ ಒಂದು ಕ್ರಮವಿದೆ

ಡಾ. ರಾಜ್‌ಕುಮಾರ್ ಅಭಿನಯದ ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪು–ಬಿಳುಪಿನಲ್ಲಿ ತೆರೆಕಂಡ ಚಿತ್ರ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಇಲ್ಲದ ಬಣ್ಣವನ್ನು ಊಹಿಸಿ ಕೂರಿಸುವ ಆ ಕೆಲಸಕ್ಕೆ ದೊಡ್ಡ ತಂಡ, ದೊಡ್ಡ ಖರ್ಚು ಬೇಕು. ಅದಕ್ಕೆ ತದ್ವಿರುದ್ಧವಾದ ಕೆಲಸ, ಅಂದರೆ ಇರುವ ಬಣ್ಣ ತೆಗೆಯುವುದು, ಮನೆಯ ಕಂಪ್ಯೂಟರಿನಲ್ಲೇ ಆಗುತ್ತದೆ. ಅದಕ್ಕೆ ಬೇಕಾದ ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ.

ಇರುವ ಬಣ್ಣವನ್ನು ಯಾಕೆ ತೆಗೆಯಬೇಕು? ಎಂಬತ್ತು, ತೊಂಬತ್ತರ ದಶಕದ ಮದುವೆ, ಗೃಹಪ್ರವೇಶ, ನಾಮಕರಣಗಳ ವಿಎಚ್‌ಎಸ್ ಕ್ಯಾಸೆಟ್ಟನ್ನು ಈಗ ಹಾಕಿ ನೋಡಿ. ಸೀರೆಯ ಕೆಂಪು ಅಂಚು ದಾಟಿ ಪಕ್ಕದವರ ಪಂಚೆಗೆ ಹರಡಿರುತ್ತದೆ. ಮುಖದ ಮೇಲೆ ನೇರಳೆ, ಹಸಿರು ಕಲೆಗಳು ಕುಣಿಯುತ್ತವೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಮಾಡಿಸಿದ್ದಾದರೆ ಅವಸ್ಥೆ ಇನ್ನೂ ಕೆಟ್ಟದು. ಬಣ್ಣ ತೆಗೆದು ನೋಡಿದರೆ ಅದೇ ದೃಶ್ಯದಲ್ಲಿ ಮುಖಗಳು ಸ್ಪಷ್ಟವಾಗುತ್ತವೆ. ಇದಕ್ಕೆ ಕಾರಣ ಕ್ಯಾಸೆಟ್ಟಿನ ಒಳಗೇ ಇದೆ.

ಟೇಪಿನಲ್ಲಿ ಇರುವುದೇ ಎರಡು ಚಿತ್ರ

ಭಾರತದಲ್ಲಿ ಬಣ್ಣದ ಟಿವಿ ಪ್ರಸಾರ ಶುರುವಾದದ್ದು 1982ರಲ್ಲಿ, ಪಾಲ್ ಪದ್ಧತಿಯಲ್ಲಿ. ಆಗ ಟಿವಿ ಇದ್ದ ಮನೆಗಳಲ್ಲಿದ್ದದ್ದು ಕಪ್ಪು–ಬಿಳುಪಿನ ಟಿವಿ. ಬಣ್ಣದ ಕಾರ್ಯಕ್ರಮ ಬಂದರೂ ಆ ಟಿವಿಗಳು ಯಥಾಪ್ರಕಾರ ಚಿತ್ರ ತೋರಿಸಿದವು. ಪಾಲ್ ಸಂಕೇತದಲ್ಲಿ ಬೆಳಕಿನ ಅಂಶವೇ ಒಂದು ಪೂರ್ತಿ ಕಪ್ಪು–ಬಿಳುಪಿನ ಚಿತ್ರ. ಬಣ್ಣದ ಮಾಹಿತಿ 4.43 ಮೆಗಾಹರ್ಟ್ಸ್‌ನ ಬೇರೊಂದು ತರಂಗದ ಮೇಲೆ ಕೂತು ಬರುತ್ತದೆ. ಮೊದಲನೆಯದಕ್ಕೆ ಲೂಮಾ, ಎರಡನೆಯದಕ್ಕೆ ಕ್ರೋಮಾ ಎಂದು ಹೆಸರು.

ವಿಎಚ್‌ಎಸ್ ಟೇಪಿನಲ್ಲಿ ಈ ಎರಡಕ್ಕೆ ಸಿಕ್ಕ ಜಾಗ ಸಮನಲ್ಲ. ಲೂಮಾಗೆ ಸುಮಾರು 3 ಮೆಗಾಹರ್ಟ್ಸ್ ಸಿಕ್ಕಿತು. ಕ್ರೋಮಾವನ್ನು 627 ಕಿಲೋಹರ್ಟ್ಸ್‌ಗೆ ಇಳಿಸಿ ಕೆಳಗಿನ ಇಕ್ಕಟ್ಟಿನಲ್ಲಿ ತುರುಕಿದರು. ಬಸ್ಸಿನಲ್ಲಿ ಬೆಳಕಿಗೆ ಸೀಟು, ಬಣ್ಣಕ್ಕೆ ಫುಟ್‌ಬೋರ್ಡ್ ಎಂದಂತೆ. ಹೀಗಾಗಿ ಅಡ್ಡಗಲದಲ್ಲಿ ಬೆಳಕಿನ ವಿವರ ಸುಮಾರು 240 ಗೆರೆಗಳಷ್ಟಿದ್ದರೆ ಬಣ್ಣದ ವಿವರ 40ರ ಆಸುಪಾಸು. ಅಂದಮೇಲೆ ಬಣ್ಣ ತೆಗೆಯುವುದು ಸಿನಿಮಾ ಎಫೆಕ್ಟ್ ಕೊಟ್ಟಂತಲ್ಲ. ಟೇಪಿನಲ್ಲಿ ಚೆನ್ನಾಗಿ ದಾಖಲಾದ ಭಾಗವನ್ನು ಉಳಿಸಿಕೊಂಡಂತೆ. ಮುಂದಿನ ಪ್ರತಿ ಹಂತದ ಗುರಿಯೂ ಒಂದೇ: ಲೂಮಾವನ್ನು ಮುಕ್ಕಾಗದಂತೆ ಹೊರತೆಗೆಯುವುದು.

ಬೇಕಾಗುವ ಸಾಮಾನು

ಕೆಲಸ ಮಾಡುವ ವಿಸಿಆರ್ ಅಥವಾ ವಿಸಿಪಿ, ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು (ಕ್ಯಾಪ್ಚರ್) ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಕಾರ್ಡ್, ಹಳದಿ–ಬಿಳಿ–ಕೆಂಪು ಎವಿ ಕೇಬಲ್, ಕಂಪ್ಯೂಟರಿನಲ್ಲಿ ಧಾರಾಳ ಜಾಗ. ಹೊಸ ವಿಸಿಆರ್ ಸಿಗುವುದಿಲ್ಲ. ಕೊನೆಯವರೆಗೆ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರಲ್ಲಿ ನಿಲ್ಲಿಸಿತು. ಹಳೆಯದನ್ನೇ ಹುಡುಕಬೇಕು. ಎಸ್-ವಿಡಿಯೋ ಔಟ್ ಇರುವ ಎಸ್-ವಿಎಚ್‌ಎಸ್ ಯಂತ್ರ ಸಿಕ್ಕರೆ ಬಿಡಬೇಡಿ. ಅದು ಲೂಮಾ, ಕ್ರೋಮಾಗಳನ್ನು ಬೇರೆ ಬೇರೆ ತಂತಿಯಲ್ಲಿ ಕಳಿಸುತ್ತದೆ.

ತಂತ್ರಾಂಶಗಳಲ್ಲಿ ಕ್ಯಾಪ್ಚರ್‌ಗೆ ವರ್ಚುವಲ್‌ಡಬ್, ಬಣ್ಣ ತೆಗೆಯಲು ಹ್ಯಾಂಡ್‌ಬ್ರೇಕ್ ಅಥವಾ ಶಾಟ್‌ಕಟ್ ಸಾಕು. ಮೂರೂ ಉಚಿತ.

ಹಂತ 1: ಕ್ಯಾಸೆಟ್ ಪರೀಕ್ಷೆ

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿಯಂಥ ಚುಕ್ಕೆಗಳಿದ್ದರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಮಾಮೂಲು. ಅಂಥ ಕ್ಯಾಸೆಟ್ ಹಾಕಿದರೆ ವಿಸಿಆರ್‌ನ ಹೆಡ್ ಕಟ್ಟಿಕೊಳ್ಳುತ್ತದೆ, ಅದೇ ಯಂತ್ರದಲ್ಲಿ ಮುಂದೆ ಹಾಕುವ ಕ್ಯಾಸೆಟ್ಟಿಗೂ ಬೂಷ್ಟು ಅಂಟುತ್ತದೆ. ಅದನ್ನು ಬದಿಗಿಟ್ಟು ತಿಳಿದವರಿಂದ ಶುಚಿ ಮಾಡಿಸಿ.

ಟೇಪು ಚೆನ್ನಾಗಿದ್ದರೆ ಒಮ್ಮೆ ಕೊನೆವರೆಗೆ ಓಡಿಸಿ, ಪೂರ್ತಿ ರಿವೈಂಡ್ ಮಾಡಿ. ವರ್ಷಗಟ್ಟಲೆ ಒಂದೇ ಕಡೆ ಕೂತ ಸುರುಳಿ ಸಡಿಲಾಗಿ, ಸಮನಾಗಿ ಸುತ್ತಿಕೊಳ್ಳುತ್ತದೆ. ನಂತರ ಪ್ಲೇ ಮಾಡಿ, ಪರದೆಯ ಅಡ್ಡಪಟ್ಟೆಗಳು ಆದಷ್ಟು ಕಡಿಮೆಯಾಗುವವರೆಗೆ ಟ್ರ್ಯಾಕಿಂಗ್ ತಿರುಗಿಸಿ. ಟ್ರ್ಯಾಕಿಂಗ್ ತಪ್ಪಿದ್ದರೆ ಲೂಮಾ ಕೂಡ ಕೆಡುತ್ತದೆ. ಆ ನಷ್ಟವನ್ನು ಆಮೇಲೆ ಯಾವ ತಂತ್ರಾಂಶವೂ ತುಂಬಿಕೊಡದು.

ಹಂತ 2: ಕ್ಯಾಪ್ಚರ್ ಮಾತ್ರ ಬಣ್ಣದಲ್ಲೇ

ಕ್ಯಾಪ್ಚರ್ ಮಾಡುವಾಗಲೇ ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗೆ ಇಳಿಸಿದರೆ ಅಥವಾ ಕಪ್ಪು–ಬಿಳುಪಿನ ಮೋಡ್ ಹಾಕಿದರೆ ಕೆಲಸ ಅರ್ಧ ಮುಗಿಯಿತು ಎನ್ನಿಸಬಹುದು. ಹಾಗೆ ಮಾಡಬೇಡಿ. ತೆಗೆದ ಬಣ್ಣ ತಿರುಗಿ ಬರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ತಾಂತ್ರಿಕ. ಹಳದಿ ಕೇಬಲ್ಲಿನಲ್ಲಿ ಲೂಮಾ, ಕ್ರೋಮಾ ಕಲೆತೇ ಬರುತ್ತವೆ. ಬಣ್ಣದ ಮೋಡ್‌ನಲ್ಲಿ ಕಾರ್ಡ್ ಅವೆರಡನ್ನೂ ಬೇರ್ಪಡಿಸುತ್ತದೆ. ಕಪ್ಪು–ಬಿಳುಪಿನ ಮೋಡ್‌ಗೆ ಹಾಕಿದರೆ ಕೆಲವು ಕಾರ್ಡ್‌ಗಳು ಬೇರ್ಪಡಿಸುವುದನ್ನೇ ಬಿಟ್ಟುಬಿಡುತ್ತವೆ. ಆಗ ಗಾಢ ಬಣ್ಣವಿದ್ದಲ್ಲೆಲ್ಲ ಸಣ್ಣ ಚುಕ್ಕೆಗಳ ಜಾಲರಿ ಉಳಿಯುತ್ತದೆ.

ಹಾಕಬೇಕಾದ ಸೆಟ್ಟಿಂಗ್ ಇವು:

• ಪದ್ಧತಿ: ಪಾಲ್ ಬಿ
• ಅಳತೆ: 720 × 576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯಂತೆ, ಪ್ರತಿ ಫ್ರೇಮ್ ಎರಡು ಕಂತಿನಲ್ಲಿ)
• ಕೋಡೆಕ್: ಹಫ್‌ವೈಯುವಿ ಅಥವಾ ಲಾಗರಿತ್‌ನಂಥ, ವಿವರ ಕಳೆಯದ ಬಗೆ
• ಜಾಗ: ಗಂಟೆಗೆ ಸುಮಾರು 30ರಿಂದ 40 ಜಿಬಿ

ಬೆಳಕಿನ ಮಟ್ಟದ ಕಡೆ ಗಮನವಿರಲಿ. ಡಿಜಿಟಲ್ ವಿಡಿಯೋದಲ್ಲಿ ಕಪ್ಪು 16ಕ್ಕೆ, ಬಿಳಿ 235ಕ್ಕೆ ಕೂರಬೇಕು. ಮದುವೆ ಮಂಟಪದಲ್ಲಿ ಮುಖಕ್ಕೇ ಹಿಡಿದ ಹ್ಯಾಲೊಜೆನ್ ಲೈಟಿನಿಂದ ಮದುಮಗಳ ಹಣೆ, ಮದುಮಗನ ಪಂಚೆ ಈ ಮಿತಿ ದಾಟಿ ಸುಣ್ಣ ಬಳಿದಂತೆ ಕಾಣುತ್ತವೆ. ಕಪ್ಪು–ಬಿಳುಪಿನಲ್ಲಿ ಆಸರೆಗೆ ಬಣ್ಣವೂ ಇರುವುದಿಲ್ಲ, ಹಾಗಾಗಿ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಕ್ಯಾಸೆಟ್ಟಿನ ಅತಿ ಬೆಳಕಿನ ದೃಶ್ಯ ಹುಡುಕಿ, ಅದಕ್ಕೆ ಹೊಂದುವಂತೆ ಕಾರ್ಡ್‌ನ ಕಾಂಟ್ರಾಸ್ಟ್ ತಗ್ಗಿಸಿ, ಆಮೇಲೆ ಕ್ಯಾಪ್ಚರ್ ಶುರು ಮಾಡಿ.

ಹಂತ 3: ಬಣ್ಣ ತೆಗೆಯುವುದು

ಸುಲಭದ ದಾರಿ ಹ್ಯಾಂಡ್‌ಬ್ರೇಕ್. ಫೈಲ್ ತೆರೆದು, ಫಿಲ್ಟರ್ಸ್ ವಿಭಾಗದಲ್ಲಿ ಗ್ರೇಸ್ಕೇಲ್ ಗುರುತು ಹಾಕಿದರೆ ಆಯಿತು. ಬೆಳಕಿನ ಹದವನ್ನೂ ತಿದ್ದಬೇಕೆಂದರೆ ಶಾಟ್‌ಕಟ್‌ನಲ್ಲಿ ಸ್ಯಾಚುರೇಶನ್ ಫಿಲ್ಟರ್ ಸೇರಿಸಿ ಸೊನ್ನೆಗೆ ತನ್ನಿ.

ಎಲ್ಲ ತಂತ್ರಾಂಶಗಳೂ ಒಂದೇ ಲೆಕ್ಕದಲ್ಲಿ ಬಣ್ಣ ತೆಗೆಯುವುದಿಲ್ಲ. ಪಾಲ್ ಪದ್ಧತಿಯಲ್ಲಿ ಲೂಮಾಗೆ ಕೆಂಪಿನ ಪಾಲು 0.299, ಹಸಿರಿನದು 0.587, ನೀಲಿಯದು 0.114. ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ಕಡಿಮೆ ಬೆಳಕಾಗಿ ಕಾಣುವುದರಿಂದ ಈ ಹಂಚಿಕೆ. ಮೂರು ಬಣ್ಣಗಳ ಸರಾಸರಿ ತೆಗೆಯುವ ತಂತ್ರಾಂಶದಲ್ಲಿ ಈ ಹದ ತಪ್ಪುತ್ತದೆ. ಪರೀಕ್ಷಿಸಲು ಹಳದಿ, ನೀಲಿ ಎರಡೂ ಇರುವ ಒಂದು ಫ್ರೇಮಿನಲ್ಲಿ ನಿಲ್ಲಿಸಿ. ಚೆಂಡುಹೂವಿನ ಹಳದಿ ಬಹುತೇಕ ಬಿಳಿಯಾಗಿ, ಶಾಮಿಯಾನದ ನೀಲಿ ಚೆನ್ನಾಗಿ ಕಪ್ಪಾಗಿ ಬಂದರೆ ಲೆಕ್ಕ ಸರಿ. ಎರಡರ ಬೂದು ಮಟ್ಟವೂ ಹತ್ತಿರ ಹತ್ತಿರ ಬಂದರೆ ಬೇರೆ ಫಿಲ್ಟರ್ ಹುಡುಕಿ.

ಸರಿಯಾದ ಲೆಕ್ಕದಲ್ಲೂ ಒಂದು ತೊಡಕಿದೆ. ಹಸಿರು ಅಂಚಿನ ಕೆಂಪು ಧಾರೆ ಸೀರೆಯನ್ನೇ ತೆಗೆದುಕೊಳ್ಳಿ. 0ರಿಂದ 255ರ ಅಳತೆಯಲ್ಲಿ ಕಡುಗೆಂಪು 255 ಇದ್ದರೆ ಅದರ ಬೂದು ಮಟ್ಟ 76. ಎಲೆ ಹಸಿರು 130 ಇದ್ದರೆ ಅದರದ್ದೂ 76! ಬಣ್ಣದಲ್ಲಿ ಕಣ್ಣು ಕುಕ್ಕುತ್ತಿದ್ದ ಅಂಚು ಸೀರೆಯಲ್ಲಿ ಕರಗಿಹೋಗುತ್ತದೆ.

ಫೋಟೋ ತಿದ್ದುವವರು ಇಂಥ ಕಡೆ ಚಾನೆಲ್ ಮಿಕ್ಸರ್ ಬಳಸಿ ಕೆಂಪಿನ ಪಾಲು ಹೆಚ್ಚಿಸುತ್ತಾರೆ. ವಿಎಚ್‌ಎಸ್‌ಗೆ ಈ ಉಪಾಯ ಅಷ್ಟಾಗಿ ಒಗ್ಗದು. ಪಾಲು ಬದಲಿಸಿದಷ್ಟೂ, ನಾವು ಹೊರಹಾಕಲು ಹೊರಟ ಕ್ರೋಮಾ ತನ್ನ ಕಲೆ, ಹರಡುವಿಕೆಗಳ ಸಮೇತ ಚಿತ್ರದೊಳಕ್ಕೆ ವಾಪಸು ಬರುತ್ತದೆ. ನೀಲಿ ಚಾನೆಲ್ಲಂತೂ ಗದ್ದಲದ ಸಂತೆ. ಯಾವುದಾದರೂ ಒಂದು ದೃಶ್ಯಕ್ಕೆ ಅನಿವಾರ್ಯವಾದರೆ ಮಾತ್ರ ಕೆಂಪು 40, ಹಸಿರು 50, ನೀಲಿ 10ರಷ್ಟು ಸಣ್ಣ ಬದಲಾವಣೆ ಮಾಡಿ ನೋಡಿ. ಮೂರರ ಮೊತ್ತ 100 ಇರಲಿ, ಇಲ್ಲದಿದ್ದರೆ ಇಡೀ ಚಿತ್ರದ ಬೆಳಕು ಬದಲಾಗುತ್ತದೆ.

ಹಂತ 4: ಉಳಿದ ಕಸ ಗುಡಿಸುವುದು

ಬಣ್ಣ ಹೋದ ಮೇಲೂ ಸೀರೆಯ ಅಂಚಿನಲ್ಲಿ, ಟೈಟಲ್ ಅಕ್ಷರಗಳ ಸುತ್ತ ಸಣ್ಣ ಚುಕ್ಕೆಗಳು ಹರಿದಾಡುತ್ತಿದ್ದರೆ ಅವು ಬೇರ್ಪಡದೆ ಉಳಿದ 4.43 ಮೆಗಾಹರ್ಟ್ಸ್‌ನ ಅಂಶ. ಅಡ್ಡ ದಿಕ್ಕಿನಲ್ಲಿ ಮಾತ್ರ ತುಸು ಬ್ಲರ್ ಕೊಡಿ. ವಿಎಚ್‌ಎಸ್‌ನ ನಿಜವಾದ ವಿವರ 3 ಮೆಗಾಹರ್ಟ್ಸ್‌ಗೇ ಮುಗಿಯುವುದರಿಂದ ಹದವರಿತು ಮಾಡಿದರೆ ಮುಖದ ಸ್ಪಷ್ಟತೆಗೆ ಪೆಟ್ಟು ಬೀಳದು. ಎಸ್-ವಿಡಿಯೋ ಮೂಲಕ ಕ್ಯಾಪ್ಚರ್ ಮಾಡಿದ್ದರೆ ಈ ತಾಪತ್ರಯ ಬಹುಮಟ್ಟಿಗೆ ಇರುವುದಿಲ್ಲ.

ನಂತರದ ಕೆಲಸ ಈ ಕ್ರಮದಲ್ಲಿ ಸಾಗಲಿ:

1. ಡಿಇಂಟರ್‌ಲೇಸ್: ಕೈ ಬೀಸಿದಾಗ, ತಲೆ ತಿರುಗಿಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣದಿರಲು ಇದು ಬೇಕು. ಹ್ಯಾಂಡ್‌ಬ್ರೇಕ್‌ನಲ್ಲಿ ಬಾಬ್ ಆಯ್ಕೆ ಮಾಡಿದರೆ ಸೆಕೆಂಡಿಗೆ 50 ಫ್ರೇಮ್ ಸಿಕ್ಕಿ, ಚಲನೆ ಟಿವಿಯಲ್ಲಿ ಕಂಡಷ್ಟೇ ನಯವಾಗಿರುತ್ತದೆ.

2. ತಳಭಾಗದ ಪಟ್ಟಿ: ಚಿತ್ರದ ಅಡಿಯಲ್ಲಿ ಅಲುಗಾಡುವ ಕೆಲವು ಗೆರೆಗಳು ವಿಸಿಆರ್‌ನ ಹೆಡ್ ಬದಲಾಗುವ ಗುರುತು. ಅಷ್ಟನ್ನು ಕ್ರಾಪ್ ಮಾಡಿ.

3. ಚಿತ್ರದ ಗದ್ದಲ (ನಾಯ್ಸ್) ತಗ್ಗಿಸುವುದು: ಫ್ರೇಮಿನಿಂದ ಫ್ರೇಮಿಗೆ ಹೋಲಿಸಿ ಕೆಲಸ ಮಾಡುವ ಡಿನಾಯ್ಸ್ ಫಿಲ್ಟರನ್ನು ಕನಿಷ್ಠ ಮಟ್ಟದಲ್ಲಿಡಿ. ಹೆಚ್ಚಾದರೆ ಮುಖಗಳು ಮೇಣದ ಗೊಂಬೆಗಳಾಗುತ್ತವೆ.

4. ಕಾಂಟ್ರಾಸ್ಟ್: ಬಣ್ಣ ತೆಗೆದ ವಿಎಚ್‌ಎಸ್ ಚಿತ್ರ ಮೊದಲಿಗೆ ಸಪ್ಪೆ ಅನ್ನಿಸುತ್ತದೆ. ಶಾಟ್‌ಕಟ್‌ನಲ್ಲಿ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ತೆರೆದಿಟ್ಟುಕೊಂಡು, ಕೂದಲಿನ ಕಪ್ಪನ್ನು ತಳಕ್ಕೆ ಇಳಿಸಿ, ಬಿಳಿಯನ್ನು ಮೇಲಿನ ಮಿತಿಯೊಳಗೆ ನಿಲ್ಲಿಸಿ, ನಡುವಿನ ಮಟ್ಟವನ್ನು ಮುಖ ನೋಡಿ ಹೊಂದಿಸಿ. ಹಗಲು ಮುಹೂರ್ತ, ರಾತ್ರಿ ಆರತಕ್ಷತೆ ಎರಡಕ್ಕೂ ಒಂದೇ ಸೆಟ್ಟಿಂಗ್ ಹೊಂದುವುದಿಲ್ಲ. ದೃಶ್ಯ ಕತ್ತರಿಸಿ ಬೇರೆ ಬೇರೆ ಮಾಡಿ.

5. ತುಸು ಗ್ರೇನ್: ಗೋಡೆ, ಆಕಾಶದಲ್ಲಿ ಮೆಟ್ಟಿಲಿನಂತೆ ಬೂದು ಪಟ್ಟೆ ಕಂಡರೆ ಸ್ವಲ್ಪ ಗ್ರೇನ್ ಸೇರಿಸಿ, ಮುಚ್ಚಿಹೋಗುತ್ತದೆ.

ನಡುನಡುವೆ ಮಿಂಚುವ ಬಿಳಿ ಗೆರೆ, ಚಿತ್ರದ ಅಂಚಿನ ಅಡ್ಡ ಕಂಪನ ಬಣ್ಣದ ದೋಷಗಳಲ್ಲ, ಕಪ್ಪು–ಬಿಳುಪಾದರೂ ಉಳಿಯುತ್ತವೆ. ಕಂಪನ ಹೆಚ್ಚಿದ್ದರೆ ಗೆರೆಗಳ ಸಮಯ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರುವ ಯಂತ್ರದಿಂದ ಮತ್ತೊಮ್ಮೆ ಕ್ಯಾಪ್ಚರ್ ಮಾಡಿಸುವುದೇ ಒಳ್ಳೆಯ ದಾರಿ.

ಹಂತ 5: ಸೇವ್ ಮಾಡುವುದು

ನೋಡುವ ಪ್ರತಿಗೆ ಎಚ್.264 ಸಾಕು. ಹ್ಯಾಂಡ್‌ಬ್ರೇಕ್‌ನಲ್ಲಿ ಗುಣಮಟ್ಟದ ಸಂಖ್ಯೆಯನ್ನು 18ರಷ್ಟಕ್ಕಿಡಿ; ಇಲ್ಲಿ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಹೆಚ್ಚು. ಚಿತ್ರದ ಅನುಪಾತ 4:3 ಇರಲಿ. ಈಗಿನ ಅಗಲ ಟಿವಿಗೆಂದು 16:9ಕ್ಕೆ ಎಳೆದರೆ ನೆಂಟರಿಷ್ಟರೆಲ್ಲ ಡುಮ್ಮಗಾಗುತ್ತಾರೆ. ಎರಡು ಬದಿಯ ಕಪ್ಪು ಪಟ್ಟಿಯೇ ವಾಸಿ. ವಾಲಗ, ಸೋಬಾನೆ ಪದಗಳ ಧ್ವನಿ ಚಿತ್ರಕ್ಕೆ ಸರಿಯಾಗಿ ಕೂತಿದೆಯೇ ಎಂದು ಆರಂಭ, ನಡು, ಕೊನೆ ಮೂರೂ ಕಡೆ ನೋಡಿ.

ಎಲ್ಲವನ್ನೂ ಮಾಡಬೇಡಿ

ಮುಖ, ಮಾತು, ನಗು ಮುಖ್ಯವಾದ ಕಡೆ ಕಪ್ಪು–ಬಿಳುಪು ಗೆಲ್ಲುತ್ತದೆ: ಧಾರೆ, ಊಟದ ಪಂಕ್ತಿ, ಹೆಣ್ಣೊಪ್ಪಿಸುವ ಹೊತ್ತು. ಯಕ್ಷಗಾನದ ವೇಷ, ಹೋಳಿ, ರಂಗೋಲಿ ಸ್ಪರ್ಧೆ ಇರುವ ಕ್ಯಾಸೆಟ್ಟಿನಲ್ಲಿ ಬಣ್ಣವೇ ವಿಷಯ. ಅದು ಎಷ್ಟೇ ಕೆಟ್ಟಿದ್ದರೂ ಇರಲಿ. ಮದುವೆ ಕ್ಯಾಸೆಟ್ಟಿನಲ್ಲೂ ಅಜ್ಜಿ ಉಟ್ಟ ಸೀರೆ ಯಾವ ಬಣ್ಣದ್ದೆಂದು ಮುಂದೆ ಮೊಮ್ಮಕ್ಕಳು ಕೇಳಿಯಾರು. ಹಾಗಾಗಿ ಬಣ್ಣದ ಮೂಲ ಕ್ಯಾಪ್ಚರ್ ಫೈಲನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿಡಿ, ಹೆಸರಿನಲ್ಲೇ ಸಮಾರಂಭ, ವರ್ಷ, ‘ಮೂಲ’ ಎಂದು ಬರೆಯಿರಿ. ಕಪ್ಪು–ಬಿಳುಪಿನ ಪ್ರತಿ ಕೆಟ್ಟರೆ, ಅಥವಾ ನಾಳೆ ಇದಕ್ಕಿಂತ ಒಳ್ಳೆಯ ಫಿಲ್ಟರ್ ಬಂದರೆ, ಆ ಫೈಲಿನಿಂದ ಮತ್ತೊಂದು ಮಾಡಿಕೊಳ್ಳಬಹುದು. ಸವೆದ ಟೇಪನ್ನು ಮತ್ತೆ ವಿಸಿಆರ್‌ಗೆ ಹಾಕುವ ಪ್ರಮೇಯ ಬರುವುದಿಲ್ಲ.