ತಾಮ್ರ ಎಲ್ಲಿಂದ ಬಂತು?

ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ ಭಾಗದ ಸಕ್ಕರೆ ಕಾರ್ಖಾನೆಗಳು ಹಗಲು ರಾತ್ರಿ ಕಬ್ಬು ನುರಿಸುತ್ತವೆ. ಮಿಲ್ಲಿನ ಒಂದು ಗೇರ್‌ಬಾಕ್ಸ್ ಕೆಟ್ಟರೆ ಟ್ರ್ಯಾಕ್ಟರ್‌ಗಳು ರಸ್ತೆಗುಂಟ ನಿಲ್ಲುತ್ತವೆ. ಕಡಿದ ಕಬ್ಬು ಒಣಗಿ ತೂಕ ಇಳಿಯುತ್ತದೆ, ನಷ್ಟ ರೈತನದು. ಯಂತ್ರದ ಸವೆತವನ್ನು ಮೊದಲೇ ತೋರಿಸುವ ಎಣ್ಣೆಯ ಪರೀಕ್ಷೆಗೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕೇ. ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗೆ ಇದು ಬೇಡ. ಅಷ್ಟು ಕಡಿಮೆ ಎಣ್ಣೆಯನ್ನು ಬದಲಿಸುವುದೇ ಅಗ್ಗ.

ಪ್ರಯೋಗಾಲಯದಲ್ಲಿ ಗ್ರಾಫೈಟ್‌ನ ಸಣ್ಣ ಬಿಲ್ಲೆಯೊಂದು ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತದೆ. ಬಿಲ್ಲೆಗೂ ಮೇಲಿನ ಗ್ರಾಫೈಟ್ ಕಡ್ಡಿಗೂ ನಡುವೆ ವಿದ್ಯುತ್ ಕಿಡಿ ಹಾರುತ್ತದೆ. ಆ ಕಾವಿಗೆ ಪ್ರತಿ ಲೋಹವೂ ತನ್ನದೇ ಬೆಳಕು ಸೂಸುತ್ತದೆ. ತಾಮ್ರದ ಒಂದು ಗೆರೆ 324.7 ನ್ಯಾನೊಮೀಟರ್‌ನಲ್ಲಿ. ಬೆಳಕು ಎಷ್ಟು ಪ್ರಖರವೋ ಅದರ ಮೇಲೆ ಪಿಪಿಎಂ (ದಶಲಕ್ಷದಲ್ಲಿ ಎಷ್ಟು ಭಾಗ) ಲೆಕ್ಕ. 1940ರ ದಶಕದಲ್ಲೇ ಅಮೆರಿಕದ ರೈಲ್ವೆಯವರು ಡೀಸೆಲ್ ಎಂಜಿನ್ನುಗಳಿಗೆ ಇಂಥ ಪರೀಕ್ಷೆ ಮಾಡುತ್ತಿದ್ದರು.

ಅಂಕಿ ಬಂದಮೇಲೆ ನಿಜವಾದ ಕೆಲಸ. ಒಂದು ಹಂಗಾಮಿನಲ್ಲಿ ಟರ್ಬೈನ್ ಎಣ್ಣೆಯಲ್ಲಿ ತಾಮ್ರ ಏರುತ್ತಲೇ ಹೋಯಿತು. ಬೇರಿಂಗ್ ಬಿಚ್ಚೋಣ ಎಂದರು ಹಲವರು. ಬೇರಿಂಗಿನ ಬಿಳಿಲೋಹ ಸವೆದಿದ್ದರೆ ಮೊದಲು ತವರ ಕಾಣಬೇಕು, ಅದು ಏರಿರಲಿಲ್ಲ. ಕಬ್ಬಿಣವೂ ಇದ್ದಲ್ಲೇ ಇತ್ತು. ಹೊಸದಾಗಿ ಹಾಕಿದ ಆಯಿಲ್ ಕೂಲರಿನ ತಾಮ್ರದ ಕೊಳವೆಗಳಿಂದ ಆ ತಾಮ್ರ ಎಣ್ಣೆಗೆ ಸೇರುತ್ತಿತ್ತು. ಕೆಲವು ವಾರಗಳಲ್ಲಿ ಏರಿಕೆ ನಿಂತಿತು. ಸಿಲಿಕಾನ್ ಕೂಡ ಹೀಗೇ: ಜೊತೆಗೆ ಅಲ್ಯೂಮಿನಿಯಂ ಏರಿದ್ದರೆ ಹೊರಗಿನ ಧೂಳಿನ ಗುಮಾನಿ, ಒಂಟಿಯಾಗಿ ಏರಿದ್ದರೆ ಸೀಲಂಟ್ ಅಥವಾ ನೊರೆ ತಡೆಯಲು ಬೆರೆಸಿದ ಸಿಲಿಕೋನ್. ಮಿಲ್ ಗೇರ್‌ಬಾಕ್ಸಿನಲ್ಲಿ ಪೊಟ್ಯಾಸಿಯಂ ಕಂಡರೆ ನಾನು ಮೊದಲು ಸೀಲ್ ನೋಡುತ್ತೇನೆ, ಏಕೆಂದರೆ ಕಬ್ಬಿನ ರಸದಲ್ಲಿ ಅದು ಧಾರಾಳ.

ಆದರೆ ಕಿಡಿಯ ಈ ವಿಧಾನಕ್ಕೆ ದೊಡ್ಡ ಚೂರು ಕಾಣುವುದಿಲ್ಲ. ಎಂಟು-ಹತ್ತು ಮೈಕ್ರಾನ್ ದಾಟಿದ ಕಣ ಕಿಡಿಯಲ್ಲಿ ಪೂರ್ತಿ ಉರಿಯದು. ಗೇರಿನ ಹಲ್ಲು ಚಕ್ಕೆ ಏಳುವಾಗ ಬೀಳುವುದು ಅಂಥ ಚೂರುಗಳೇ.

"ರಿಪೋರ್ಟ್ ಛಲೋ ಬಂದೈತ್ರಿ ಸಾಹೇಬ್ರ, ಆದ್ರ ಗೇರ್‌ಬಾಕ್ಸಿನ ಸಪ್ಪಳ ಬ್ಯಾರೆ ಆಗೈತಿ" ಎಂದ ಒಬ್ಬ ಹಿರಿಯ ಫಿಟ್ಟರ್. ಮ್ಯಾಗ್ನೆಟ್ ಪ್ಲಗ್ ಬಿಚ್ಚಿದರೆ ಅದರ ತುಂಬ ಉಕ್ಕಿನ ಚಕ್ಕೆ. ಅಂದಿನಿಂದ ಮಾದರಿ ತೆಗೆಯುವ ದಿನವೇ ಪ್ಲಗ್ಗನ್ನೂ ನೋಡುತ್ತೇವೆ. ಮಾದರಿಯನ್ನು ಯಂತ್ರ ಓಡುತ್ತಿರುವಾಗ, ಎಣ್ಣೆ ಬಿಸಿಯಿರುವಾಗ, ಪ್ರತಿ ಸಲ ಫಿಲ್ಟರಿಗೆ ಮೊದಲಿನ ಅದೇ ಕಾಕ್‌ನಿಂದ ಹಿಡಿಯುತ್ತೇವೆ. ಶೀಶೆಯ ಚೀಟಿಯಲ್ಲಿ ಎಣ್ಣೆ ಓಡಿದ ತಾಸುಗಳ ಜೊತೆ, ನಡುವೆ ಎಷ್ಟು ಲೀಟರ್ ಹೊಸ ಎಣ್ಣೆ ಸುರಿದೆವು ಎಂಬುದೂ ಇರಲೇಬೇಕು. ಹೊಸ ಎಣ್ಣೆ ಬೆರೆತರೆ ಪಿಪಿಎಂ ಇಳಿಯುತ್ತದೆ, ಸವೆತ ಇಳಿದಿರುವುದಿಲ್ಲ.