ಬೇಲಿಯ ಕಳ್ಳಿ



ನಮ್ಮ ಹೊಲದ ಬೇಲಿಯಲ್ಲಿ ಕಳ್ಳಿ ಇದೆ. ದಿನಾ ನೋಡ್ತೀವಿ. ದನ ಇದಕ್ಕೆ ಬಾಯಿ ಹಾಕೋದು ಕಡಿಮೆ. ಮಳೆ ಬರದಿದ್ದರೂ ಇದು ಬೇಗ ಒಣಗೋದಿಲ್ಲ. ಯಾಕೆ?

ಕಳ್ಳಿಯ ಕಾಂಡ ದಪ್ಪ. ಅದರಲ್ಲಿ ನೀರು ಇರುತ್ತದೆ. ಎಲೆ ಕಡಿಮೆ. ಆದ್ದರಿಂದ ನೀರು ಬೇಗ ಆರುವುದಿಲ್ಲ. ಕಾಂಡ ಮುರಿದರೆ ಬಿಳಿ ಹಾಲು ಬರುತ್ತದೆ. ಆ ಹಾಲು ಉರಿ, ವಿಷ. ಅದಕ್ಕೇ ದನ ದೂರ ಇರುತ್ತದೆ.

ಕಳ್ಳಿಯಲ್ಲಿ ಬಗೆಗಳು

ಕಳ್ಳಿ ಒಂದೇ ಬಗೆ ಅಲ್ಲ. ಹೆಸರು ಊರಿಂದ ಊರಿಗೆ ಬೇರೆ. ಗುರುತು ನೋಡೋಣ.

1. ಬೊಂತೆಗಳ್ಳಿ: ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳು. ಮುಳ್ಳಿಲ್ಲ. ಇದರ ಮೂಲ ಆಫ್ರಿಕಾ.
2. ಚದುರಗಳ್ಳಿ: ಕಾಂಡಕ್ಕೆ ಮೂರರಿಂದ ಐದು ಏಣು. ಏಣಿನ ಮೇಲೆ ಜೋಡಿ ಜೋಡಿ ಮುಳ್ಳು.
3. ಎಲೆಗಳ್ಳಿ: ಮುಳ್ಳಿದೆ. ಕೊಂಬೆಯ ತುದಿಯಲ್ಲಿ ದಪ್ಪ ಎಲೆಗಳಿವೆ.
4. ಅಚ್ಚೆಗಿಡ: ಹಾದಿ ಬದಿಯ ಸಣ್ಣ ಕಳೆ. ದಪ್ಪ ಕಾಂಡವಿಲ್ಲ. ಆದರೂ ಇದು ಕಳ್ಳಿಯ ಬಳಗ.

ಈ ನಾಲ್ಕೂ ಒಂದೇ ಬಳಗ ಹೇಗೆ? ನಾಲ್ಕರಲ್ಲೂ ಬಿಳಿ ಹಾಲಿದೆ. ನಾಲ್ಕರ ಹೂವೂ ಸಣ್ಣ ಬಟ್ಟಲಿನಂತೆ ಇದೆ. ಕಾಯಿಯಲ್ಲಿ ಮೂರು ಕೋಣೆ. ಒಂದೊಂದು ಕೋಣೆಯಲ್ಲಿ ಒಂದೊಂದು ಬೀಜ. ಹರಳು ಕಾಯಿ ಬಿಡಿಸಿ ನೋಡಿ. ಅದರಲ್ಲೂ ಮೂರು ಬೀಜ. ಹರಳು, ಮರಗೆಣಸು, ರಬ್ಬರ್ ಮರ ಎಲ್ಲಾ ಕಳ್ಳಿಯ ದೊಡ್ಡ ಕುಟುಂಬದವು.

ಹೆಸರಿಗೆ ಮೋಸ ಹೋಗಬಾರದು. ಪಾಪಾಸುಕಳ್ಳಿ ಈ ಬಳಗದ್ದಲ್ಲ. ಅದು ಅಮೆರಿಕದಿಂದ ಬಂದ ಗಿಡ. ಮುರಿದರೆ ಲೋಳೆ ಬರುತ್ತದೆ, ಬಿಳಿ ಹಾಲು ಬರುವುದಿಲ್ಲ. ಎಕ್ಕಕ್ಕೆ ಹಾಲಿದೆ. ಆದರೆ ಅದೂ ಈ ಬಳಗದ್ದಲ್ಲ. ಹಾಲೊಂದನ್ನೇ ನೋಡಿದರೆ ಸಾಲದು. ಹೂವು, ಕಾಯಿಯನ್ನೂ ನೋಡಬೇಕು.

ಕಣ್ಣು ಜೋಪಾನ

ಬೇಲಿ ಸವರುವಾಗ ಹಾಲು ಸಿಡಿಯುತ್ತದೆ. ಮೈಗೆ ಬಿದ್ದರೆ ಬೊಬ್ಬೆ ಏಳಬಹುದು. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಎಕ್ಕದ ಹಾಲೂ ಕಣ್ಣಿಗೆ ಕೇಡು.

ಬೇಲಿ ಸವರುವಾಗ ಕನ್ನಡಕ ಹಾಕಿಕೊಳ್ಳೋಣ. ತುಂಬು ತೋಳಿನ ಅಂಗಿ ತೊಡೋಣ. ಗಾಳಿಗೆ ಬೆನ್ನು ಮಾಡಿ ನಿಲ್ಲೋಣ. ಮಕ್ಕಳನ್ನು ಹತ್ತಿರ ಬಿಡೋದು ಬೇಡ. ಕೆಲಸ ಮುಗಿದ ಮೇಲೆ ಕೈ, ಮಚ್ಚು ಎರಡನ್ನೂ ಸೋಪು ಹಾಕಿ ತೊಳೆಯೋಣ. ಕೈ ತೊಳೆಯದೆ ಕಣ್ಣು ಮುಟ್ಟಬಾರದು.

ಹಾಲು ಕಣ್ಣಿಗೆ ಬಿತ್ತು ಅನ್ನಿ. ಕಣ್ಣು ಉಜ್ಜಬಾರದು. ತಕ್ಷಣ ಶುದ್ಧ ನೀರು ಹಾಕಿ ತೊಳೆಯಬೇಕು. 15 ನಿಮಿಷವಾದರೂ ಬಿಡದೆ ತೊಳೆಯಬೇಕು. ಎದೆಹಾಲು, ಹರಳೆಣ್ಣೆ ಹಾಕಬಾರದು. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಯಾವ ಗಿಡದ ಹಾಲು ಅಂತ ಹೇಳಬೇಕು. ಮೊದಲು ಉರಿ ಕಡಿಮೆ ಇರಬಹುದು. ಮಾರನೇ ದಿನ ಹೆಚ್ಚಾಗಬಹುದು. ಆದ್ದರಿಂದ ನಾಳೆ ನೋಡೋಣ ಅನ್ನಬಾರದು.

ಕಳ್ಳಿ ನಮ್ಮ ಬೆಳೆ ಕಾಯುತ್ತದೆ. ನಮ್ಮ ಕಣ್ಣನ್ನು ನಾವೇ ಕಾಯಬೇಕು.

ಓದಿ, ಹೇಳಿ

1. ನಿಮ್ಮ ಊರ ಬೇಲಿಯಲ್ಲಿ ಯಾವ ಕಳ್ಳಿ ಇದೆ? ಅದಕ್ಕೆ ಏನಂತ ಕರೀತೀರಿ?
2. ಪಾಪಾಸುಕಳ್ಳಿ ಕಳ್ಳಿಯ ಬಳಗ ಯಾಕಲ್ಲ?
3. ಹಾಲು ಕಣ್ಣಿಗೆ ಬಿದ್ದರೆ ಮೊದಲು ಏನು ಮಾಡಬೇಕು?

ಬರೆಯಿರಿ: ಕಳ್ಳಿ, ಮುಳ್ಳು, ಹಳ್ಳಿ, ಕಣ್ಣು, ಡಾಕ್ಟರು.